ಕತ್ತಲನ್ನು ತೋರಿಸಬಲ್ಲ ಪರದೆ

ಟಿ.ವಿ. ಕೊಳ್ಳಲು ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಎಷ್ಟು ಇಂಚು? ಎಷ್ಟು ಬೆಲೆ? ಎಷ್ಟು ವರ್ಷದ ಗ್ಯಾರಂಟಿ? ಈಚಿನ ವರ್ಷಗಳಲ್ಲಿ ನಾಲ್ಕನೆಯದೊಂದು ಸೇರಿಕೊಂಡಿದೆ: 4ಕೆ ಹೌದೇ? ಆದರೆ ಚಿತ್ರದ ಗುಣವನ್ನು ಇವೆಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವ ಇನ್ನೊಂದು ಪ್ರಶ್ನೆಯನ್ನು ಕೇಳುವವರು ತೀರಾ ಕಡಿಮೆ. ಈ ಪರದೆಗೆ ಕಪ್ಪನ್ನು ತೋರಿಸಲು ಬರುತ್ತದೆಯೇ?

ಕಪ್ಪು ಎಂದರೆ ಬೆಳಕಿನ ಗೈರುಹಾಜರಿ. ಬೆಳಕು ಚೆಲ್ಲುವುದಕ್ಕೆಂದೇ ತಯಾರಾದ ಯಂತ್ರವೊಂದು ಬೆಳಕಿಲ್ಲದ ಜಾಗವನ್ನು ತೋರಿಸುವುದಾದರೂ ಹೇಗೆ? ದಶಕಗಳ ಕಾಲ ಎಂಜಿನಿಯರುಗಳ ತಲೆ ತಿಂದ ಪ್ರಶ್ನೆ ಇದು. ಇದಕ್ಕೆ ತನ್ನ ಕಾಲದ ಅತ್ಯುತ್ತಮ ಉತ್ತರವನ್ನು ಕಂಡುಕೊಂಡ ತಂತ್ರಜ್ಞಾನವೊಂದು ಮಾರುಕಟ್ಟೆಯಲ್ಲಿ ಸೋತು ಮೂಲೆಗೆ ಸರಿಯಿತು. ಅದರ ಹೆಸರು ಪ್ಲಾಸ್ಮಾ. ಅದು ಹುಟ್ಟಿದ್ದು ಹೇಗೆ, ಬೆಳೆದದ್ದು ಎಲ್ಲಿ, ಕಣ್ಮರೆಯಾದದ್ದು ಯಾಕೆ ಎಂದು ತಿಳಿದುಕೊಂಡರೆ, ಮನೆಯಲ್ಲೇ ಒಂದು ಪುಟ್ಟ ಚಿತ್ರಮಂದಿರ ಮಾಡಿಕೊಳ್ಳಬೇಕು ಎನ್ನುವವರಿಗೆ ಪರದೆ ಆರಿಸುವ ದಾರಿಯೂ ಸ್ವಲ್ಪ ಸ್ಪಷ್ಟವಾದೀತು.

ಮೈಸೂರಿನ ಮೂರ್ತಿ ಮತ್ತು ನೆರಳಿನ ಸಿನಿಮಾ

ಕಪ್ಪಿನ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳುವವರಿಗೆ ವಿ.ಕೆ. ಮೂರ್ತಿಯವರನ್ನು ನೆನಪಿಸಬೇಕು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಛಾಯಾಗ್ರಹಣ ಕಲಿತು, ಮುಂಬಯಿಗೆ ಹೋಗಿ ಗುರುದತ್ತರ ಕಣ್ಣಾದವರು ಅವರು. 'ಪ್ಯಾಸಾ' (1957), 'ಕಾಗಜ್ ಕೇ ಫೂಲ್' (1959), 'ಸಾಹಿಬ್ ಬೀಬಿ ಔರ್ ಗುಲಾಮ್' (1962) ಈ ಮೂರಕ್ಕೂ ಕ್ಯಾಮರಾ ಹಿಡಿದವರು ಅವರೇ. 'ಕಾಗಜ್ ಕೇ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರಾಗಿದ್ದರು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಉರ್ದು ಬಲ್ಲವರು ಈ ಚಿತ್ರಗಳನ್ನು ಸಾಹಿರ್ ಲುಧಿಯಾನ್ವಿ, ಕೈಫಿ ಆಜ್ಮಿಯವರ ಹಾಡುಗಳಿಗಾಗಿ, ಅಬ್ರಾರ್ ಅಲ್ವಿಯವರ ಸಂಭಾಷಣೆಗಾಗಿ ನೆನೆಯುತ್ತಾರೆ. ಅದು ಸಹಜ. ಆದರೆ ಆ ಮಾತುಗಳ ಹಿಂದಿನ ಒಂಟಿತನವನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ಮೂರ್ತಿಯವರ ನೆರಳು. 'ಕಾಗಜ್ ಕೇ ಫೂಲ್'ನಲ್ಲಿ ಕೈಫಿ ಬರೆದು ಗೀತಾ ದತ್ತ್ ಹಾಡಿದ ಹಾಡಿನ ದೃಶ್ಯವನ್ನು ನೋಡಿದವರು ಮರೆಯಲಾರರು. ಖಾಲಿ ಸ್ಟುಡಿಯೋದ ಕತ್ತಲೊಳಕ್ಕೆ ಮೇಲಿನಿಂದ ಒಂದು ಬೆಳಕಿನ ಕೋಲು ಇಳಿಯುತ್ತದೆ. ಒಬ್ಬರನ್ನೊಬ್ಬರು ಸೇರಲಾಗದ ಇಬ್ಬರು ಆ ಬೆಳಕಿನ ಆಚೀಚೆ ನಿಂತಿರುತ್ತಾರೆ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಮೂರ್ತಿಯವರು ಆ ಕೋಲನ್ನು ಸೃಷ್ಟಿಸಿದ್ದರು.

ಇದೇ ದೃಶ್ಯವನ್ನು ಸಾಧಾರಣ ಟಿ.ವಿ.ಯೊಂದರಲ್ಲಿ ಹಾಕಿ ನೋಡಿ. ಕತ್ತಲಿರಬೇಕಾದಲ್ಲಿ ಬೂದು ಬಣ್ಣ ಹರಡಿಕೊಂಡಿರುತ್ತದೆ. ಬೆಳಕಿನ ಕೋಲಿನ ಅಂಚು ಆ ಬೂದಿಯಲ್ಲಿ ಕರಗಿ ಹೊಗೆಯಂತೆ ಕಾಣುತ್ತದೆ. ಕಥೆ ತಿಳಿಯುತ್ತದೆ, ಹಾಡು ಕೇಳಿಸುತ್ತದೆ, ಆದರೆ ಮೂರ್ತಿಯವರು ಮಾಡಿದ ಕೆಲಸ ಮಾತ್ರ ಮನೆಯೊಳಗೆ ಬರುವುದಿಲ್ಲ. ಪರದೆ ಆರಿಸುವಾಗ ನಮ್ಮ ಎದುರಿಗಿರುವುದು ಇಂಥ ಲಾಭ ನಷ್ಟ.

ಗಾಜಿನ ಬುರುಡೆಯ ಕಾಲ

1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಕ್ಯಾಥೋಡ್ ಕಿರಣಗಳ ಕೊಳವೆಯನ್ನು ರೂಪಿಸಿದ. ಗಾಳಿ ತೆಗೆದ ಗಾಜಿನ ಬುರುಡೆ. ಅದರ ಕುತ್ತಿಗೆಯಿಂದ ಹೊರಟ ಎಲೆಕ್ಟ್ರಾನುಗಳು ಮುಂಭಾಗದ ಒಳಗೋಡೆಗೆ ಬಳಿದ ರಾಸಾಯನಿಕ ಲೇಪವನ್ನು ತಾಗಿದಲ್ಲಿ ಬೆಳಕು ಮೂಡುತ್ತದೆ. ಜಪಾನಿನ ಕೆಂಜಿರೋ ತಕಾಯಾನಾಗಿ 1926ರ ಡಿಸೆಂಬರ್‌ನಲ್ಲಿ ಇಂಥ ಕೊಳವೆಯ ಮೇಲೆ ಜಪಾನಿ ಅಕ್ಷರವೊಂದನ್ನು ಮೂಡಿಸಿ ತೋರಿಸಿದ. 1950ರಲ್ಲಿ ಅಮೆರಿಕದ ಆರ್‌ಸಿಎ ಕಂಪೆನಿ ಬಣ್ಣದ ಕೊಳವೆಯನ್ನು ಪ್ರದರ್ಶಿಸಿತು. 1968ರಲ್ಲಿ ಸೋನಿಯ 'ಟ್ರಿನಿಟ್ರಾನ್' ಬಂತು. ನಮ್ಮಲ್ಲಿ 1959ರಲ್ಲಿ ದೆಹಲಿಯಲ್ಲಿ ಪ್ರಸಾರ ಶುರುವಾಗಿ, 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಗಿ, 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂದಾಗಲೂ ಮನೆಗಳಲ್ಲಿದ್ದದ್ದು ಇದೇ ಗಾಜಿನ ಬುರುಡೆ.

ಈ ಬುರುಡೆಗೆ ಕಪ್ಪು ಸುಲಭವಾಗಿತ್ತು. ಕಪ್ಪು ಬೇಕಾದ ಜಾಗದಲ್ಲಿ ಎಲೆಕ್ಟ್ರಾನುಗಳ ಹರಿವನ್ನು ತಡೆದರೆ ಸಾಕು, ಲೇಪ ಬೆಳಗುವುದಿಲ್ಲ. ಕೋಣೆಯ ದೀಪ ಆರಿಸಿದರೆ ಕತ್ತಲು ಕತ್ತಲಾಗಿಯೇ ಕಾಣುತ್ತಿತ್ತು. ಅದಕ್ಕಿದ್ದ ತೊಂದರೆ ಗಾತ್ರದ್ದು. ಒಳಗೆ ಗಾಳಿಯಿಲ್ಲದ ಬುರುಡೆ ಹೊರಗಿನ ಗಾಳಿಯ ಒತ್ತಡ ತಡೆಯಬೇಕಾದರೆ ಗಾಜು ದಪ್ಪವಿರಬೇಕು. ಪರದೆ ದೊಡ್ಡದಾದಂತೆ ಗಾಜೂ ದಪ್ಪ, ಕುತ್ತಿಗೆಯೂ ಉದ್ದ. ಸೋನಿ ತಯಾರಿಸಿದ 43 ಇಂಚಿನ ಟಿ.ವಿ.ಯೊಂದರ ತೂಕ ಸುಮಾರು 200 ಕೆ.ಜಿ. ಇತ್ತು! ಚಿತ್ರಮಂದಿರದ ಅನುಭವ ಮನೆಗೆ ಬರಬೇಕಾದರೆ ಗೋಡೆಗೆ ನೇತುಹಾಕಬಲ್ಲ ಚಪ್ಪಟೆ ಪರದೆ ಬೇಕಿತ್ತು.

ಇಲಿನಾಯ್‌ನ ಕಿತ್ತಳೆ ಬೆಳಕು

ಆ ಪರದೆಯ ಬೀಜ ಮೊಳೆತದ್ದು ಮನರಂಜನೆಯ ಲೋಕದಲ್ಲಲ್ಲ, ಪಾಠಶಾಲೆಯಲ್ಲಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಿಂದ 'ಪ್ಲೇಟೋ' ಎಂಬ ಯೋಜನೆ ನಡೆಯುತ್ತಿತ್ತು. ಕಂಪ್ಯೂಟರ್ ಮೂಲಕ ಮಕ್ಕಳಿಗೆ ಪಾಠ ಹೇಳುವ ಯೋಜನೆ ಅದು. ನೇತೃತ್ವ ಡೊನಾಲ್ಡ್ ಬಿಟ್ಜರ್ ಅವರದು. ಗಾಜಿನ ಬುರುಡೆಯ ಮೇಲಿನ ಚಿತ್ರ ಕ್ಷಣಾರ್ಧದಲ್ಲಿ ಅಳಿಸಿಹೋಗುವುದರಿಂದ ಕಂಪ್ಯೂಟರು ಅದನ್ನು ಸೆಕೆಂಡಿಗೆ ಹತ್ತಾರು ಸಲ ಮತ್ತೆ ಮತ್ತೆ ಬರೆಯಬೇಕಿತ್ತು. ಅದಕ್ಕೆ ಬೇಕಾದ ಸ್ಮೃತಿಕೋಶ ಆ ಕಾಲದಲ್ಲಿ ವಿಪರೀತ ದುಬಾರಿ. ಹಾಗಾದರೆ ಒಮ್ಮೆ ಬರೆದದ್ದನ್ನು ತಾನೇ ನೆನಪಿಟ್ಟುಕೊಳ್ಳುವ ಪರದೆಯನ್ನು ಯಾಕೆ ಮಾಡಬಾರದು?

1964ರಲ್ಲಿ ಬಿಟ್ಜರ್, ಅವರ ಸಹೋದ್ಯೋಗಿ ಜೀನ್ ಸ್ಲಾಟೋ ಮತ್ತು ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಇದಕ್ಕೆ ಉತ್ತರ ಕಂಡುಕೊಂಡರು. ಎರಡು ಗಾಜಿನ ಹಾಳೆಗಳ ನಡುವೆ ಚಿಕ್ಕ ಚಿಕ್ಕ ಕೋಶಗಳು, ಅವುಗಳಲ್ಲಿ ನಿಯಾನ್‌ನಂಥ ಅನಿಲ. ಒಮ್ಮೆ ಹೆಚ್ಚು ವೋಲ್ಟೇಜ್ ಕೊಟ್ಟರೆ ಅನಿಲ ವಿದ್ಯುದಾವಿಷ್ಟವಾಗಿ, ಅಂದರೆ ಪ್ಲಾಸ್ಮಾ ಆಗಿ, ಬೆಳಗುತ್ತದೆ. ಆಗ ಕೋಶದ ಗೋಡೆಯ ಮೇಲೆ ಉಳಿಯುವ ವಿದ್ಯುದಂಶದಿಂದಾಗಿ ಮುಂದೆ ಕಡಿಮೆ ವೋಲ್ಟೇಜಿನಲ್ಲೂ ಅದು ಬೆಳಗುತ್ತಲೇ ಇರುತ್ತದೆ. ಬೆಳಗದ ಕೋಶ ಅದೇ ವೋಲ್ಟೇಜಿನಲ್ಲಿ ಕತ್ತಲಾಗಿಯೇ ಇರುತ್ತದೆ. ಪರದೆಗೆ ನೆನಪಿನ ಶಕ್ತಿ ಬಂದದ್ದು ಹೀಗೆ. 1972ರ ಹೊತ್ತಿಗೆ ಅಲ್ಲಿನ ವಿದ್ಯಾರ್ಥಿಗಳು 512 ಸಾಲು, 512 ಕಂಬಗಳ ಚಪ್ಪಟೆ ಪ್ಲಾಸ್ಮಾ ಪರದೆಯ ಮುಂದೆ ಕುಳಿತು ಪಾಠ ಕಲಿಯುತ್ತಿದ್ದರು. ನಿಯಾನ್ ಅನಿಲದ ಕಿತ್ತಳೆ ಬಣ್ಣವೊಂದೇ ಅದರ ಬಣ್ಣ. ಈ ಮೂವರ ಸಾಧನೆಯನ್ನು ಟೆಲಿವಿಷನ್ ಲೋಕ ಗುರುತಿಸಿ ಎಮ್ಮಿ ಪ್ರಶಸ್ತಿ ಕೊಟ್ಟದ್ದು 2002ರಲ್ಲಿ, ಮೂವತ್ತೆಂಟು ವರ್ಷಗಳ ಮೇಲೆ.

ಹೆಸರೇ ಕಪ್ಪು

ಕಿತ್ತಳೆಯನ್ನು ಪೂರ್ಣ ವರ್ಣವಾಗಿಸಿದ್ದು ಜಪಾನ್. ಕೋಶದಲ್ಲಿ ನಿಯಾನ್ ಜೊತೆ ಕ್ಸೆನಾನ್ ಸೇರಿಸಿದರೆ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಹೊರಡುತ್ತದೆ. ಅದು ಕೋಶದ ಒಳಗೆ ಬಳಿದ ಕೆಂಪು, ಹಸಿರು, ನೀಲಿ ಲೇಪಗಳನ್ನು ಬೆಳಗಿಸುತ್ತದೆ. ನಮ್ಮ ಟ್ಯೂಬ್‌ಲೈಟ್ ಕೆಲಸ ಮಾಡುವುದೂ ಹೆಚ್ಚುಕಡಿಮೆ ಹೀಗೆಯೇ. ಫ್ಯೂಜಿತ್ಸು ಕಂಪೆನಿಯಲ್ಲಿ ತ್ಸುತಾಯ್ ಶಿನೋದಾ ವರ್ಷಗಟ್ಟಲೆ ಈ ಕೆಲಸಕ್ಕೆ ಕೂತರು. 1992ರಲ್ಲಿ 21 ಇಂಚಿನ ವರ್ಣ ಪರದೆ ಹೊರಬಂತು. 1997ರ ಸುಮಾರಿಗೆ 42 ಇಂಚಿನ ಟಿ.ವಿ.ಗಳು ಅಂಗಡಿಗೆ ಬಂದಾಗ ಅಮೆರಿಕದಲ್ಲಿ ಬೆಲೆ ಸುಮಾರು 15 ಸಾವಿರ ಡಾಲರ್.

ದುಡ್ಡಿದ್ದವರು ಕೊಂಡರು. ಆದರೆ ಅಲ್ಲೊಂದು ಕೊರತೆಯಿತ್ತು. ಕೋಶಗಳು ಕರೆದ ಕೂಡಲೇ ಬೆಳಗಬೇಕಾದರೆ ಅವುಗಳನ್ನು ಸದಾ ಅರೆ ಎಚ್ಚರದಲ್ಲಿ ಇಡಬೇಕಿತ್ತು, ಒಲೆಯಲ್ಲಿ ಕೆಂಡವನ್ನು ಬೂದಿ ಮುಚ್ಚಿ ಇಟ್ಟಂತೆ. ಆ ಅರೆ ಎಚ್ಚರದ ಮಂದ ಬೆಳಕು ಕಪ್ಪನ್ನು ಬೂದಿಯಾಗಿಸುತ್ತಿತ್ತು. ಆ ಮಂದ ಬೆಳಕನ್ನು ಇಲ್ಲವಾಗಿಸುವ ಛಲ ತೊಟ್ಟದ್ದು ಪಯೊನೀರ್ ಕಂಪೆನಿ. 2007ರಲ್ಲಿ ಅದು ಮಾರುಕಟ್ಟೆಗೆ ತಂದ ಟಿ.ವಿ. ಸರಣಿಯ ಹೆಸರು 'ಕುರೋ'. ಜಪಾನಿ ಭಾಷೆಯಲ್ಲಿ ಕುರೋ ಎಂದರೆ ಕಪ್ಪು. ಎಲ್ಲರೂ ಬೆಳಕಿನ, ಬಣ್ಣದ ಹೆಸರಿಟ್ಟು ಟಿ.ವಿ. ಮಾರುತ್ತಿದ್ದ ಕಾಲದಲ್ಲಿ ಒಂದು ಕಂಪೆನಿ ಕತ್ತಲಿನ ಹೆಸರಿಟ್ಟಿತು. 2008ರಲ್ಲಿ ಬಂದ ಎರಡನೇ ಪೀಳಿಗೆಯ ಕುರೋದಲ್ಲಿ ಕಪ್ಪು ಇನ್ನೂ ಆಳವಾಯಿತು. ಅದೇ ವರ್ಷದ ಜನವರಿಯಲ್ಲಿ ಲಾಸ್ ವೇಗಸ್ ಪ್ರದರ್ಶನದಲ್ಲಿ ಪಯೊನೀರ್ ಒಂದು ಮಾದರಿ ಪರದೆಯನ್ನೂ ತೋರಿಸಿತು. ಅದರ ಮೇಲೆ ಕಪ್ಪು ಮೂಡಿದಾಗ ಕತ್ತಲ ಕೋಣೆಯಲ್ಲಿ ಪರದೆ ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ.

ಆ ಮಾದರಿ ಅಂಗಡಿಗೆ ಬರಲೇ ಇಲ್ಲ.

ಬಾಗಿಲು ಹಾಕಿದರೂ ಸೋರುವ ಬೆಳಕು

ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಎಲ್‌ಸಿಡಿ ಬಂದಾಗಿತ್ತು. 1888ರಲ್ಲಿ ಪ್ರಾಗ್ ನಗರದಲ್ಲಿ ಫ್ರೆಡ್ರಿಕ್ ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ ಗಮನಿಸಿದ ವಿಚಿತ್ರ ವಸ್ತು ಅದರ ಮೂಲ. ದ್ರವವೂ ಹೌದು, ಹರಳೂ ಹೌದು ಎಂಬಂಥ ವಸ್ತು. ವಿದ್ಯುತ್ತಿನಿಂದ ಅದರ ಅಣುಗಳನ್ನು ತಿರುಗಿಸಿ ಬೆಳಕನ್ನು ಬಿಡಬಹುದು, ತಡೆಯಬಹುದು. 1968ರಲ್ಲಿ ಆರ್‌ಸಿಎ ಕಂಪೆನಿಯ ಜಾರ್ಜ್ ಹೈಲ್ಮೈಯರ್ ತಂಡ ಇದರಿಂದ ಪರದೆ ಮಾಡಿ ತೋರಿಸಿತು. 1973ರಲ್ಲಿ ಜಪಾನಿನ ಶಾರ್ಪ್ ಕಂಪೆನಿ ಅದನ್ನು ಕ್ಯಾಲ್ಕುಲೇಟರಿಗೆ ತಂದಿತು. 1988ರಲ್ಲಿ ಅದೇ ಕಂಪೆನಿ 14 ಇಂಚಿನ ವರ್ಣ ಪರದೆಯನ್ನು ರೂಪಿಸಿತು.

ಪ್ಲಾಸ್ಮಾದಲ್ಲಿ ಪ್ರತಿ ಕೋಶವೂ ತಾನೇ ದೀಪ. ಎಲ್‌ಸಿಡಿಯಲ್ಲಿ ದೀಪ ಹಿಂದೆ ಇರುತ್ತದೆ, ಮುಂದೆ ಇರುವುದು ಲಕ್ಷಗಟ್ಟಲೆ ಪುಟ್ಟ ಕಿಟಕಿಗಳು ಮಾತ್ರ. ಕಪ್ಪು ಬೇಕೆಂದಾಗ ಕಿಟಕಿ ಮುಚ್ಚಿಕೊಳ್ಳುತ್ತದೆ, ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಎಷ್ಟೇ ಬಿಗಿಯಾಗಿ ಮುಚ್ಚಿದರೂ ಸಂದಿಯಿಂದ ಒಂದಿಷ್ಟು ಬೆಳಕು ಸೋರುತ್ತದೆ. ಎಲ್‌ಸಿಡಿಯ ಕಪ್ಪು ಬೂದಿಯಾಗುವುದಕ್ಕೆ ಕಾರಣ ಇದು. 'ಐಪಿಎಸ್' ಎಂಬ ಬಗೆಯ ಎಲ್‌ಸಿಡಿಯಲ್ಲಿ ಬಿಳಿಯ ಬೆಳಕು ಕಪ್ಪಿನ ಬೆಳಕಿಗಿಂತ ಸುಮಾರು 1000 ಪಟ್ಟು ಹೆಚ್ಚು. 'ವಿಎ' ಎಂಬ ಬಗೆಯಲ್ಲಿ 3000ದಿಂದ 5000 ಪಟ್ಟು. ಕೇಳಲು ದೊಡ್ಡ ಸಂಖ್ಯೆಗಳೇ. ಆದರೆ ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಇವು ಸಾಲುವುದಿಲ್ಲ.

ಮುಂದೆ ಹಿಂದಿನ ದೀಪವಾಗಿ ಸಣ್ಣ ಟ್ಯೂಬ್‌ಲೈಟುಗಳ ಬದಲು ಎಲ್‌ಇಡಿ ಬಂತು, ಅಂಗಡಿಗಳಲ್ಲಿ ಅದಕ್ಕೆ 'ಎಲ್‌ಇಡಿ ಟಿ.ವಿ.' ಎಂದು ಹೆಸರಾಯಿತು. ಇದು ಹೊಸ ಬಗೆಯ ಪರದೆಯೆಂದು ತಿಳಿದವರು ಬಹಳ. ಕಿಟಕಿ ಅದೇ ಹಳೆಯದು, ಬದಲಾದದ್ದು ಹಿಂದಿನ ದೀಪ ಮಾತ್ರ.

ಅಂಗಡಿಯಲ್ಲಿ ಸೋತದ್ದು

ಹಾಗಿದ್ದೂ ಎಲ್‌ಸಿಡಿ ಗೆದ್ದಿತು. ಹೇಗೆ?

ಟಿ.ವಿ. ನೋಡುವುದು ಮನೆಯಲ್ಲಿ, ಆರಿಸುವುದು ಅಂಗಡಿಯಲ್ಲಿ. ಅಂಗಡಿಯ ಸೂರಿನ ತುಂಬ ದೀಪ. ಆ ಬೆಳಕಿನಲ್ಲಿ ಕುರೋದ ಕಪ್ಪಿಗೂ ಅಗ್ಗದ ಎಲ್‌ಸಿಡಿಯ ಬೂದಿಗೂ ವ್ಯತ್ಯಾಸ ಕಾಣುವುದಿಲ್ಲ. ಕಾಣುವುದು ಯಾವುದು ಹೆಚ್ಚು ಝಗಝಗಿಸುತ್ತದೆ ಎಂಬುದು. ಪ್ಲಾಸ್ಮಾದಲ್ಲಿ ಪರದೆಯ ತುಂಬ ಬಿಳಿ ಬಂದಾಗ ವಿದ್ಯುತ್ ಮಿತಿಯಲ್ಲಿಡಲು ಬೆಳಕು ತಾನಾಗಿ ತಗ್ಗುತ್ತದೆ. ಅದರ ಗಾಜಿನಲ್ಲಿ ಅಂಗಡಿಯ ದೀಪಗಳ ಬಿಂಬವೂ ಕಾಣುತ್ತದೆ. ಪಕ್ಕದ ಎಲ್‌ಸಿಡಿ ಹಿಂದಿನ ದೀಪವನ್ನು ಪೂರ್ತಿ ಏರಿಸಿಕೊಂಡು, ಬಣ್ಣಗಳನ್ನು ಅತಿಯಾಗಿ ಉಬ್ಬಿಸಿಕೊಂಡು ನಿಂತಿರುತ್ತದೆ. ಕತ್ತಲಲ್ಲಿ ಪರೀಕ್ಷಿಸಬೇಕಾದ ವಸ್ತುವನ್ನು ಬೆಳಕಿನಲ್ಲಿ ಪರೀಕ್ಷಿಸಿ ಜನ ದುಡ್ಡು ಕೊಟ್ಟರು.

ಸೋಲಿಗೆ ಇದೊಂದೇ ಕಾರಣವೆಂದರೆ ಅನ್ಯಾಯವಾದೀತು. ಪ್ಲಾಸ್ಮಾ ಹೆಚ್ಚು ವಿದ್ಯುತ್ ತಿನ್ನುತ್ತಿತ್ತು, ಬಿಸಿಯಾಗುತ್ತಿತ್ತು, ಭಾರವಾಗಿತ್ತು. 2009ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಟಿ.ವಿ.ಗಳ ವಿದ್ಯುತ್ ಬಳಕೆಗೆ ಮಿತಿ ಹಾಕಿದಾಗ ಒತ್ತಡ ಇನ್ನೂ ಹೆಚ್ಚಿತು. ವಾಹಿನಿಯ ಲಾಂಛನದಂಥ ಕದಲದ ಚಿತ್ರ ಗಂಟೆಗಟ್ಟಲೆ ನಿಂತರೆ ಅದರ ಕಲೆ ಪರದೆಯಲ್ಲಿ ಉಳಿಯುವ ಭಯವೂ ಇತ್ತು. ಕೋಶಗಳನ್ನು ತೀರಾ ಚಿಕ್ಕದಾಗಿಸುವುದು ಕಷ್ಟವಾದ್ದರಿಂದ ಸಣ್ಣ ಟಿ.ವಿ. ಮಾಡುವುದಕ್ಕಾಗಲಿ, ಸಾಮಾನ್ಯ ಗಾತ್ರದಲ್ಲಿ 4ಕೆ ಮಾಡುವುದಕ್ಕಾಗಲಿ ಪ್ಲಾಸ್ಮಾ ಒಗ್ಗಲಿಲ್ಲ. 2010ರಲ್ಲಿ ಪ್ಯಾನಸಾನಿಕ್ 4ಕೆ ಪ್ಲಾಸ್ಮಾವನ್ನು ತೋರಿಸಿತು ನಿಜ, ಅದರ ಗಾತ್ರ ಮಾತ್ರ 152 ಇಂಚು! ಎಲ್‌ಸಿಡಿಯಾದರೋ ಫೋನು, ಲ್ಯಾಪ್‌ಟಾಪು, ಕಂಪ್ಯೂಟರು, ಟಿ.ವಿ. ಎಲ್ಲಕ್ಕೂ ಬೇಕಾಗಿತ್ತು. ಕಾರ್ಖಾನೆಗಳು ಬೆಳೆದಂತೆ ಬೆಲೆ ಇಳಿಯಿತು.

2009ರ ಫೆಬ್ರವರಿಯಲ್ಲಿ ಪಯೊನೀರ್ ತಾನು ಟಿ.ವಿ. ವ್ಯಾಪಾರದಿಂದಲೇ ಹೊರಹೋಗುವುದಾಗಿ ಪ್ರಕಟಿಸಿತು. ಕುರೋ ಹುಟ್ಟಿ ಎರಡು ವರ್ಷವೂ ಆಗಿರಲಿಲ್ಲ. ಪ್ಯಾನಸಾನಿಕ್ ಇನ್ನೂ ಕೆಲವು ವರ್ಷ ಹೋರಾಡಿ, ತನ್ನ ಅತ್ಯುತ್ತಮ ಪ್ಲಾಸ್ಮಾಗಳನ್ನು ತಂದ 2013ರ ವರ್ಷದಲ್ಲೇ ಅವುಗಳ ತಯಾರಿಕೆ ನಿಲ್ಲಿಸುವುದಾಗಿ ಅಕ್ಟೋಬರ್ 31ರಂದು ಘೋಷಿಸಿತು. 2014ರ ಕೊನೆಗೆ ಕೊರಿಯದ ಸ್ಯಾಮ್‌ಸಂಗ್, ಎಲ್‌ಜಿ ಎರಡೂ ಬಾಗಿಲು ಹಾಕಿದವು. ಇಲಿನಾಯ್‌ನಲ್ಲಿ ಹೊತ್ತಿದ ದೀಪ ಅರ್ಧ ಶತಮಾನ ಉರಿದು ಆರಿತು.

'ಕಾಗಜ್ ಕೇ ಫೂಲ್' ಕೂಡ 1959ರಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಸೋತಿತ್ತು. ಆ ಬಳಿಕ ಗುರುದತ್ತ್ ತಮ್ಮ ಹೆಸರಿನಲ್ಲಿ ಬೇರಾವ ಚಿತ್ರವನ್ನೂ ನಿರ್ದೇಶಿಸಲಿಲ್ಲ. ಚಿತ್ರ ಉಳಿಯಿತು, ನೋಡುವ ಕಣ್ಣುಗಳು ತಡವಾಗಿಯಾದರೂ ಬಂದವು. ಯಂತ್ರಗಳಿಗೆ ಆ ಭಾಗ್ಯ ಇಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗವೂ ಸಿಗುವುದಿಲ್ಲ.

ಬೇರೆ ಹೆಸರಿನಲ್ಲಿ ಮರಳಿದ ಕಪ್ಪು

ಕಳೆದುಹೋದ ಕಪ್ಪು ಬೇರೊಂದು ಬಾಗಿಲಿನಿಂದ ಮರಳಿ ಬಂತು. ಫೋಟೋ ಫಿಲ್ಮಿಗೆ ಹೆಸರಾದ ಕೊಡಕ್ ಕಂಪೆನಿಯ ಪ್ರಯೋಗಾಲಯದಲ್ಲಿ ಚಿಂಗ್ ತಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎಂಬ ವಿಜ್ಞಾನಿಗಳು, ಇಂಗಾಲದ ಸಂಯುಕ್ತಗಳ ಅತಿ ತೆಳುವಾದ ಪದರಗಳು ಕಡಿಮೆ ವಿದ್ಯುತ್ತಿನಲ್ಲಿ ಬೆಳಗುವುದನ್ನು 1987ರಲ್ಲಿ ಪ್ರಕಟಿಸಿದರು. ಅದೇ ಓಎಲ್‌ಇಡಿ. ಇಲ್ಲಿ ಹಿಂದೆ ದೀಪವಿಲ್ಲ, ಪ್ರತಿ ಬಿಂದುವೂ ತಾನೇ ದೀಪ. ಪ್ಲಾಸ್ಮಾದಂತೆ ಅರೆ ಎಚ್ಚರದಲ್ಲಿ ಇಡುವ ಅಗತ್ಯವೂ ಇಲ್ಲ. ಆರಿದರೆ ಪೂರ್ತಿ ಆರುತ್ತದೆ.

2007ರ ಕೊನೆಯಲ್ಲಿ ಸೋನಿ 11 ಇಂಚಿನ ಓಎಲ್‌ಇಡಿ ಟಿ.ವಿ.ಯನ್ನು ಮಾರಾಟಕ್ಕೆ ತಂದಿತು; ತೆಳುವಾದ ಭಾಗದಲ್ಲಿ ಅದರ ದಪ್ಪ 3 ಮಿಲಿಮೀಟರ್. 2009ರಲ್ಲಿ ಕೊಡಕ್ ತನ್ನ ಓಎಲ್‌ಇಡಿ ವ್ಯವಹಾರವನ್ನು ಎಲ್‌ಜಿಗೆ ಮಾರಿತು, 2012ರಲ್ಲಿ ದಿವಾಳಿ ಅರ್ಜಿ ಹಾಕಿತು. 2013ರ ಜನವರಿಯಲ್ಲಿ ಎಲ್‌ಜಿ ಕೊರಿಯದಲ್ಲಿ 55 ಇಂಚಿನ ಓಎಲ್‌ಇಡಿ ಟಿ.ವಿ.ಯನ್ನು 1 ಕೋಟಿ 10 ಲಕ್ಷ ವಾನ್ ಬೆಲೆಗೆ ಬಿಡುಗಡೆ ಮಾಡಿತು. ಪ್ಲಾಸ್ಮಾ ನಿಲ್ಲಿಸಿದ ಪ್ಯಾನಸಾನಿಕ್ 2015ರಲ್ಲಿ ಓಎಲ್‌ಇಡಿಗೆ ಬಂತು, 2017ರಲ್ಲಿ ಸೋನಿ ದೊಡ್ಡ ಗಾತ್ರದಲ್ಲಿ ಮರಳಿತು. 2022ರಲ್ಲಿ ಸ್ಯಾಮ್‌ಸಂಗ್‌ನ ಪರದೆ ಕಂಪೆನಿಯ ಬೇರೊಂದು ಬಗೆಯ ಓಎಲ್‌ಇಡಿ ಟಿ.ವಿ.ಗಳಲ್ಲಿ ಬಂತು. ಎಲ್‌ಸಿಡಿಯೂ ಸುಮ್ಮನೆ ಕೂತಿಲ್ಲ. ಹಿಂದಿನ ದೀಪವನ್ನು ನೂರಾರು, ಸಾವಿರಾರು ವಲಯಗಳಾಗಿ ಒಡೆದು, ಕಪ್ಪು ಬೇಕಾದಲ್ಲಿ ಆ ವಲಯವನ್ನಷ್ಟೇ ಆರಿಸುವ 'ಮಿನಿ ಎಲ್‌ಇಡಿ' ಬಂದಿದೆ. ಆದರೂ ಕಪ್ಪು ಆಕಾಶದಲ್ಲಿ ಒಂಟಿ ಚಂದ್ರನಿದ್ದರೆ ಅದರ ಸುತ್ತ ಮಸುಕು ಪ್ರಭೆಯೊಂದು ಕಾಣುವುದುಂಟು, ಏಕೆಂದರೆ ವಲಯ ಚಂದ್ರನಿಗಿಂತ ದೊಡ್ಡದು.

ಪರದೆ ಸುಧಾರಿಸಿತು, ನೋಡುವ ರೀತಿ ಸುಧಾರಿಸಿತೇ? 2019ರ ಏಪ್ರಿಲ್‌ನಲ್ಲಿ 'ಗೇಮ್ ಆಫ್ ಥ್ರೋನ್ಸ್' ಎಂಬ ಅಮೆರಿಕದ ಧಾರಾವಾಹಿಯಲ್ಲಿ ರಾತ್ರಿಯ ಯುದ್ಧವೊಂದು ಪ್ರಸಾರವಾದಾಗ, ಏನೂ ಕಾಣಿಸಲಿಲ್ಲವೆಂದು ಜಗತ್ತಿನಾದ್ಯಂತ ಜನ ದೂರಿದರು. ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್, ತಾವು ಚಿತ್ರೀಕರಿಸಿದ್ದು ಸರಿಯಾಗಿಯೇ ಇದೆ, ಜನರಿಗೆ ತಮ್ಮ ಟಿ.ವಿ. ಹೊಂದಿಸಿಕೊಳ್ಳಲು ತಿಳಿಯದಿರುವುದೇ ದೊಡ್ಡ ಸಮಸ್ಯೆ ಎಂಬರ್ಥದಲ್ಲಿ ಉತ್ತರಿಸಿದರು. ಪ್ರಸಾರದಲ್ಲಿ ಚಿತ್ರವನ್ನು ಹಿಂಡಿ ಕಳಿಸುವಾಗ ಕತ್ತಲ ಭಾಗದ ವಿವರ ಕಳೆದುಹೋಗುವುದೂ ನಿಜ. ಅಂತೂ ಮಾಡಿದವರ ಕತ್ತಲಿಗೂ ನೋಡಿದವರ ಕತ್ತಲಿಗೂ ಹೊಂದಿಕೆಯಾಗಲಿಲ್ಲ.

ಆರಿಸುವವರು ಗಮನಿಸಬೇಕಾದದ್ದು

ಈ ಇತಿಹಾಸ ಕೊಳ್ಳುವವರಿಗೆ ಹೇಳುವ ಮೊದಲ ಮಾತು: ಪರದೆಗಿಂತ ಮೊದಲು ನಿಮ್ಮ ಕೋಣೆಯನ್ನು ನೋಡಿ. ಹಗಲಿಡೀ ಕಿಟಕಿ ತೆರೆದಿರುವ, ನೆಂಟರಿಷ್ಟರು ಬಂದು ಹೋಗುವ, ಸುದ್ದಿ ಮತ್ತು ಕ್ರಿಕೆಟ್ ಓಡುತ್ತಲೇ ಇರುವ ನಡುಮನೆಗೆ ಪ್ರಖರವಾದ ಎಲ್‌ಸಿಡಿಯೇ ಸರಿ. ಅಲ್ಲಿ ಓಎಲ್‌ಇಡಿಯ ಕಪ್ಪು ವ್ಯರ್ಥ, ಜೊತೆಗೆ ಸುದ್ದಿವಾಹಿನಿಯ ಕದಲದ ಪಟ್ಟಿಗಳಿಂದ ಅದರಲ್ಲೂ ಕಲೆ ಉಳಿಯುವ ಅಪಾಯವಿದೆ. ರಾತ್ರಿ ಕೆಲಸವೆಲ್ಲ ಮುಗಿಸಿ, ದೀಪ ಆರಿಸಿ ಸಿನಿಮಾ ನೋಡುವವರಿಗೆ ಓಎಲ್‌ಇಡಿಯಷ್ಟು ಒಪ್ಪುವ ಪರದೆ ಸದ್ಯಕ್ಕೆ ಇನ್ನೊಂದಿಲ್ಲ. ಬೆಲೆ ಕೈಗೆಟುಕದಿದ್ದರೆ ಮಿನಿ ಎಲ್‌ಇಡಿ. ಅದೂ ಆಗದಿದ್ದರೆ 'ವಿಎ' ಬಗೆಯ ಎಲ್‌ಸಿಡಿ. ಬದಿಯಲ್ಲಿ ಕೂತವರಿಗೆ 'ವಿಎ' ಸ್ವಲ್ಪ ಪೇಲವವಾಗಿ ಕಾಣುತ್ತದೆ. ಆದ್ದರಿಂದ ಇಡೀ ಕುಟುಂಬ ಕೋಣೆಯ ತುಂಬ ಹರಡಿ ಕೂರುವ ಮನೆಗೆ 'ಐಪಿಎಸ್' ಬಗೆಯದೇ ವಾಸಿ.

ಎರಡನೆಯದು ಗಾತ್ರ ಮತ್ತು ದೂರ. ಚಲನಚಿತ್ರ ಎಂಜಿನಿಯರುಗಳ ಲೆಕ್ಕದಲ್ಲಿ ಪರದೆ ನಮ್ಮ ನೋಟದ ಸುಮಾರು 30 ಡಿಗ್ರಿಯಷ್ಟನ್ನಾದರೂ ತುಂಬಬೇಕು. 55 ಇಂಚಿನ ಟಿ.ವಿ.ಗೆ ಆ ದೂರ ಸುಮಾರು ಏಳೂವರೆ ಅಡಿ, 65 ಇಂಚಿಗೆ ಒಂಬತ್ತು ಅಡಿಯ ಹತ್ತಿರ. ಇದಕ್ಕಿಂತ ಬಹಳ ದೂರ ಕೂತರೆ ಚಿತ್ರಮಂದಿರದ ಅನುಭವ ಬರುವುದಿಲ್ಲ. 4ಕೆಯ ಹುಚ್ಚಿಗೂ ಇಲ್ಲೇ ಉತ್ತರವಿದೆ. ಒಳ್ಳೆಯ ದೃಷ್ಟಿಯುಳ್ಳ ಕಣ್ಣು 55 ಇಂಚಿನ ಹಳೆಯ 1080 ಸಾಲುಗಳ ಪರದೆಯಲ್ಲಿ ಬಿಂದುಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದ್ದು ಸುಮಾರು ಏಳು ಅಡಿಯೊಳಗೆ ಮಾತ್ರ. ಹತ್ತು ಅಡಿ ದೂರದ ಸೋಫಾದಿಂದ ನೋಡುವವರಿಗೆ 4ಕೆಯ ಹೆಚ್ಚುವರಿ ಬಿಂದುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಆಳವಾದ ಕಪ್ಪು ಮಾತ್ರ ಹದಿನೈದು ಅಡಿಯಿಂದಲೂ ಕಾಣುತ್ತದೆ.

ಮೂರನೆಯದು ಪರೀಕ್ಷೆ. ಅಂಗಡಿಯವರು ಹಾಕುವ ಹೂವು, ಹಣ್ಣು, ನವಿಲಿನ ಚಿತ್ರಗಳಿಂದ ಏನೂ ತಿಳಿಯುವುದಿಲ್ಲ; ಅವುಗಳಲ್ಲಿ ಕತ್ತಲೇ ಇರುವುದಿಲ್ಲ. ಸಿನಿಮಾಸ್ಕೋಪ್ ಚಿತ್ರವೊಂದನ್ನು ಹಾಕಲು ಹೇಳಿ. ಅದರ ಚೌಕಟ್ಟು ಅಗಲವಾದ್ದರಿಂದ ಟಿ.ವಿ.ಯ ಮೇಲೂ ಕೆಳಗೂ ಕಪ್ಪು ಪಟ್ಟಿಗಳು ಉಳಿಯುತ್ತವೆ, ಎರಡೂ ಸೇರಿ ಪರದೆಯ ಸುಮಾರು ಕಾಲು ಭಾಗ. ಸಾಧ್ಯವಾದರೆ ಸುತ್ತಲಿನ ದೀಪ ಆರಿಸಲು ಹೇಳಿ, ಅಥವಾ ಒಳಗಿನ ಕತ್ತಲೆ ಕೋಣೆಯಲ್ಲಿ ತೋರಿಸಲು ಕೇಳಿ. ಆ ಪಟ್ಟಿಗಳು ಟಿ.ವಿ.ಯ ಕಪ್ಪು ಅಂಚಿನೊಂದಿಗೆ ಬೆರೆತುಹೋದರೆ ಪರದೆ ಒಳ್ಳೆಯದು. ಬೆಳದಿಂಗಳು ಬಿದ್ದಂತೆ ಮಿನುಗುತ್ತಿದ್ದರೆ ಅದೇ ಬೂದಿ ಇಡೀ ಚಿತ್ರದ ಮೇಲೂ ಹರಡಿದೆಯೆಂದು ಅರ್ಥ. ಜಾಹೀರಾತಿನಲ್ಲಿ ಹತ್ತು ಲಕ್ಷಕ್ಕೆ ಒಂದು, ಕೋಟಿಗೆ ಒಂದು ಎಂದು ಬರೆದಿರುವ ಸಂಖ್ಯೆಗಳನ್ನು ನಂಬುವುದಕ್ಕಿಂತ ಈ ಪಟ್ಟಿಯನ್ನು ನಂಬುವುದು ಮೇಲು.

ನಾಲ್ಕನೆಯದಕ್ಕೆ ದುಡ್ಡೇ ಬೇಕಿಲ್ಲ, ಹೊಸ ಟಿ.ವಿ. ಕೊಳ್ಳದವರಿಗೂ ಇದು ಅನ್ವಯಿಸುತ್ತದೆ. ಹೆಚ್ಚಿನ ಟಿ.ವಿ.ಗಳು 'ವಿವಿಡ್', 'ಡೈನಾಮಿಕ್' ಎಂಬ ಹೆಸರಿನ ಅಂಗಡಿಗೊಪ್ಪುವ ಹೊಂದಿಕೆಯಲ್ಲೇ ಮನೆಗೂ ಬಂದು ಕೂತಿರುತ್ತವೆ. ಅದನ್ನು 'ಸಿನಿಮಾ' ಅಥವಾ 'ಮೂವಿ' ಎಂಬುದಕ್ಕೆ ಬದಲಿಸಿ. 2019ರಲ್ಲಿ ಮಾರ್ಟಿನ್ ಸ್ಕಾರ್ಸೆಸೆ, ಕ್ರಿಸ್ಟೋಫರ್ ನೋಲನ್ ಅವರಂಥ ನಿರ್ದೇಶಕರ ಬೆಂಬಲದೊಂದಿಗೆ 'ಫಿಲ್ಮ್‌ಮೇಕರ್ ಮೋಡ್' ಎಂಬ ಹೊಂದಿಕೆ ಘೋಷಣೆಯಾಗಿ, ಮರುವರ್ಷದಿಂದ ಹಲವು ಟಿ.ವಿ.ಗಳಲ್ಲಿ ಬಂದಿದೆ, ಇದ್ದರೆ ಅದನ್ನೇ ಆರಿಸಿ. ಚಲನೆಯನ್ನು ನುಣುಪಾಗಿಸುವ ಸೌಲಭ್ಯವನ್ನು ನಿಲ್ಲಿಸಿ, ಅದು ಸಿನಿಮಾವನ್ನು ಧಾರಾವಾಹಿಯಂತೆ ಕಾಣಿಸುತ್ತದೆ. ಮೊದಲ ಎರಡು ದಿನ ಚಿತ್ರ ಮಂಕಾಯಿತು, ಹಳದಿಯಾಯಿತು ಎನಿಸುತ್ತದೆ. ಆಮೇಲೆ ಕಣ್ಣು ಒಗ್ಗಿ ಹಳೆಯದೇ ಅತಿಯಾಗಿತ್ತು ಎನಿಸುತ್ತದೆ. ಟಿ.ವಿ.ಯ ಎದುರು ಗೋಡೆಯ ಟ್ಯೂಬ್‌ಲೈಟ್ ಆರಿಸಿ, ಪೂರ್ತಿ ಕತ್ತಲು ಕಣ್ಣಿಗೆ ಆಯಾಸವೆನಿಸಿದರೆ ಪರದೆಯ ಹಿಂಬದಿಯಲ್ಲಿ ಒಂದು ಮಂದ ಬಿಳಿ ದೀಪ ಇಡಿ. ಹಿಂದೆ ಮಂದ ಬೆಳಕಿದ್ದರೆ ಮುಂದಿನ ಕಪ್ಪು ಇನ್ನಷ್ಟು ಕಪ್ಪಾಗಿ ಕಾಣುತ್ತದೆ.

ಕಾರ್ಖಾನೆಗಳು ತಯಾರಿಸುವುದು ಒಳ್ಳೆಯದನ್ನಲ್ಲ, ಮಾರಾಟವಾಗುವುದನ್ನು. ಅದಕ್ಕಾಗಿ ಅವುಗಳನ್ನು ದೂರಿ ಫಲವಿಲ್ಲ. ಕುರೋ ಮುಳುಗಿದ್ದು ಎಂಜಿನಿಯರುಗಳ ಸೋಲಿನಿಂದಲ್ಲ. ಬೆಳಕಿನಲ್ಲಿ ನಿಂತು ಕತ್ತಲನ್ನು ಬೆಲೆಕಟ್ಟಿದ ಗಿರಾಕಿಗಳ ಪಾಲೂ ಅದರಲ್ಲಿದೆ. ಆ ಗಿರಾಕಿಗಳು ನಾವೇ. ಮುಂದಿನ ಸಲ ಅಂಗಡಿಗೆ ಹೋದಾಗ ಇಂಚು, ಬೆಲೆ, ಗ್ಯಾರಂಟಿ ಕೇಳಿದ ಮೇಲೆ, ಸ್ವಲ್ಪ ಸಂಕೋಚವಾದರೂ ಇನ್ನೊಂದು ಮಾತು ಕೇಳಿ: "ಈ ದೀಪ ಒಂದು ನಿಮಿಷ ಆರಿಸುತ್ತೀರಾ?"